ಉಪಾಧ್ಯಾಯರ ಉತ್ಸಾಹಕ್ಕೆ ಮೂಲ ಯಾವುದು?

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ನಾಡಿನ ಶಾಲೆಗಳು ಬಾಗಿಲು ತೆರೆಯುತ್ತವೆ. ಹೊಸ ಪುಸ್ತಕ, ಹೊಸ ತರಗತಿ, ಹೊಸ ಗೆಳೆಯರು ಇವುಗಳ ಸಂಭ್ರಮದಲ್ಲಿರುವ ವಿದ್ಯಾರ್ಥಿಗೆ, ಅದೇ ಶಾಲೆಯ ಇನ್ನೊಂದು ಕೊಠಡಿಯಲ್ಲಿಯೂ ಒಂದು ಹೊಸ ವರ್ಷ ಮೊದಲಾಗುತ್ತಿದೆಯೆಂಬುದು ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ. ಅದು ಉಪಾಧ್ಯಾಯರ ಕೊಠಡಿ. ಅಲ್ಲಿ ವೇಳಾಪಟ್ಟಿಯ ಹಂಚಿಕೆ ನಡೆಯುತ್ತಿರುತ್ತದೆ. ಕಳೆದ ವರ್ಷದ ಪರೀಕ್ಷಾ ಫಲಿತಾಂಶದ ಲೆಕ್ಕ ನಡೆಯುತ್ತಿರುತ್ತದೆ. ವರ್ಗವಾಗಿ ಹೋದವರ ಜಾಗಕ್ಕೆ ಯಾರೂ ಬಂದಿಲ್ಲವೆಂಬ ಚಿಂತೆಯೂ ಇರಬಹುದು. ಕೊನೆಗೆ ಒಂದು ಸಭೆ ಸೇರುತ್ತದೆ. ಯಾರಾದರೊಬ್ಬ ಹಿರಿಯರು ಎದ್ದುನಿಂತು, ಈ ವರ್ಷ ಎಲ್ಲರೂ ಹೆಚ್ಚಿನ ಉತ್ಸಾಹದಿಂದ ದುಡಿಯಬೇಕೆಂದು ಹೇಳುತ್ತಾರೆ. ಎಲ್ಲರೂ ಒಪ್ಪುತ್ತಾರೆ. ಆದರೆ ದಸರೆಯ ವೇಳೆಗೆ ಆ ಉತ್ಸಾಹ ಎಷ್ಟೋ ಕಡೆ ಇಳಿದುಹೋಗಿರುತ್ತದೆ.

ಇದಕ್ಕೆ ಕಾರಣವೇನು? ಉಪಾಧ್ಯಾಯರ ಸೋಮಾರಿತನವೆಂದು ಕೆಲವರು ಹೇಳಿಬಿಡುವುದುಂಟು. ಸಂಬಳ ಸಾಲದೆಂದು ಇನ್ನು ಕೆಲವರು ಹೇಳುತ್ತಾರೆ. ಭಾಷಣವೇ ಸರಿಯಿರಲಿಲ್ಲವೆನ್ನುವವರೂ ಇದ್ದಾರೆ. ಇವು ಊಹೆಗಳು. ಮನುಷ್ಯನಿಗೆ ತನ್ನ ಕೆಲಸದಲ್ಲಿ ಉತ್ಸಾಹ ಹೇಗೆ ಹುಟ್ಟುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ಊಹೆಗೆ ಬಿಡದೆ, ಪ್ರಯೋಗಗಳಿಂದ ತಿಳಿಯಲು ವಿಜ್ಞಾನಿಗಳು ಸುಮಾರು ನೂರು ವರ್ಷಗಳಿಂದ ಯತ್ನಿಸುತ್ತಿದ್ದಾರೆ. ಅವರ ಶ್ರಮದ ಫಲವನ್ನು ಈ ಲೇಖನದಲ್ಲಿ ಸ್ವಲ್ಪ ಪರಿಶೀಲಿಸೋಣ.

ಹೊಸ ಆರಂಭದ ಬಲ

ಮೊದಲಿಗೆ ಹೊಸ ವರ್ಷವೆಂಬುದಕ್ಕೆ ತನ್ನದೇ ಆದ ಬಲವೇನಾದರೂ ಉಂಟೆ ಎಂಬುದನ್ನು ನೋಡೋಣ. ಉಂಟು. ಅಮೆರಿಕದ ಮೂವರು ಸಂಶೋಧಕರು ೨೦೧೪ರಲ್ಲಿ ಈ ವಿಷಯವನ್ನು ಕುರಿತ ಒಂದು ಅಧ್ಯಯನವನ್ನು ಪ್ರಕಟಿಸಿದರು. ವಿಶ್ವವಿದ್ಯಾನಿಲಯವೊಂದರ ವ್ಯಾಯಾಮಶಾಲೆಗೆ ವಿದ್ಯಾರ್ಥಿಗಳು ಯಾವ ಯಾವ ದಿನ ಬಂದರೆಂಬ ದಾಖಲೆಯನ್ನು ಅವರು ಪರೀಕ್ಷಿಸಿದರು. ವಾರದ ಮೊದಲಲ್ಲಿ, ತಿಂಗಳ ಮೊದಲಲ್ಲಿ, ಹೊಸ ಶೈಕ್ಷಣಿಕ ಅವಧಿಯ ಮೊದಲಲ್ಲಿ ಬರುವವರ ಸಂಖ್ಯೆ ಏರುತ್ತಿತ್ತು. ದಿನ ಕಳೆದಂತೆ ಇಳಿಯುತ್ತಿತ್ತು. ಪಂಚಾಂಗದ ಒಂದು ಗೆರೆಯನ್ನು ದಾಟಿದಾಗ ಮನುಷ್ಯನು ತನ್ನ ಹಿಂದಿನ ಸೋಲುಗಳನ್ನು ‘ಹಳೆಯ ನನ್ನವು’ ಎಂದು ಆಚೆಗಿಟ್ಟು, ಹೊಸ ಲೆಕ್ಕ ತೆರೆಯುತ್ತಾನೆ ಎಂದು ಅವರು ಇದನ್ನು ವಿವರಿಸಿದರು.

ನಮ್ಮ ಯುಗಾದಿಯ ಸಂಕಲ್ಪಗಳ ಗತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಗಮನಿಸಬೇಕಾದುದು ಇಷ್ಟು: ಆರಂಭದ ಉತ್ಸಾಹ ಸುಳ್ಳಲ್ಲ, ಅದು ಅಳೆಯಬಹುದಾದ ಸಂಗತಿ, ಆದರೆ ಅದರ ಆಯುಸ್ಸು ಕಡಮೆ. ಆ ಅಲ್ಪಕಾಲದಲ್ಲಿ ಏನು ನಡೆಯುತ್ತದೆಯೆಂಬುದರ ಮೇಲೆ ಮುಂದಿನ ತಿಂಗಳುಗಳು ನಿಂತಿವೆ.

ದೀಪಗಳ ಪ್ರಯೋಗ

ಕೆಲಸದ ಉತ್ಸಾಹವನ್ನು ಕುರಿತ ಪ್ರಯೋಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಶಾಲೆಯಲ್ಲಿ ನಡೆದುದಲ್ಲ, ಕಾರ್ಖಾನೆಯಲ್ಲಿ. ಷಿಕಾಗೋ ನಗರದ ಬಳಿ ಹಾಥಾರ್ನ್ ಎಂಬ ಹೆಸರಿನ ದೊಡ್ಡ ಕಾರ್ಖಾನೆಯಿತ್ತು. ಟೆಲಿಫೋನಿನ ಉಪಕರಣಗಳು ಅಲ್ಲಿ ತಯಾರಾಗುತ್ತಿದ್ದವು. ದೀಪದ ಬೆಳಕನ್ನು ಹೆಚ್ಚಿಸಿದರೆ ಕೆಲಸವೂ ಹೆಚ್ಚುವುದೇ ಎಂದು ತಿಳಿಯಲು ೧೯೨೪ರಿಂದ ೧೯೨೭ರವರೆಗೆ ಅಲ್ಲಿ ಪ್ರಯೋಗಗಳು ನಡೆದವು. ಬೆಳಕು ಹೆಚ್ಚಿದಾಗ ಕೆಲಸ ಹೆಚ್ಚಿತು. ಬೆಳಕನ್ನು ಕಡಮೆ ಮಾಡಿದಾಗಲೂ ಹೆಚ್ಚಿತು ಎಂಬ ಮಾತು ಹರಡಿತು. ಆ ಬಳಿಕ ೧೯೨೭ರಲ್ಲಿ ಕೆಲವೇ ಮಂದಿ ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ವಿರಾಮದ ಅವಧಿಯನ್ನೂ ಕೆಲಸದ ವೇಳೆಯನ್ನೂ ಬದಲಿಸುತ್ತ, ಅವರ ಅಭಿಪ್ರಾಯವನ್ನು ಕೇಳುತ್ತ, ಐದು ವರ್ಷ ನೋಡಿದರು. ಅಲ್ಲಿಯೂ ಉತ್ಪಾದನೆ ಏರಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎಲ್ಟನ್ ಮೇಯೋ ಮೊದಲಾದವರು ಇದರಿಂದ ಒಂದು ಸಿದ್ಧಾಂತ ಕಟ್ಟಿದರು: ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಮಾತಿಗೆ ಬೆಲೆ ಕೊಡುತ್ತಿದ್ದಾರೆ ಎಂಬ ಭಾವನೆಯೇ ಕೆಲಸಗಾರರನ್ನು ಹುರಿದುಂಬಿಸುತ್ತದೆ.

ಕಥೆ ಇಷ್ಟಕ್ಕೇ ನಿಂತಿದ್ದರೆ ಉಪಾಧ್ಯಾಯರಿಗೂ ಇದೇ ಔಷಧವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ವಿಜ್ಞಾನ ತನ್ನ ಪ್ರಸಿದ್ಧ ಕಥೆಗಳನ್ನೂ ಮರಳಿ ಪರೀಕ್ಷಿಸುತ್ತದೆ. ದೀಪಗಳ ಪ್ರಯೋಗದ ಮೂಲ ಅಂಕಿಗಳು ಬಹುಕಾಲ ಕಳೆದುಹೋಗಿವೆಯೆಂದೇ ತಿಳಿಯಲಾಗಿತ್ತು. ಅವು ದೊರೆತ ಮೇಲೆ ಅರ್ಥಶಾಸ್ತ್ರಜ್ಞರಿಬ್ಬರು ಲೆಕ್ಕವನ್ನು ಮತ್ತೆ ಹಾಕಿ, ೨೦೧೧ರಲ್ಲಿ ಪ್ರಕಟಿಸಿದರು. ಕಥೆಯಲ್ಲಿ ಹೇಳುವಷ್ಟು ದೊಡ್ಡ ಪರಿಣಾಮ ಅಂಕಿಗಳಲ್ಲಿ ಕಾಣಲಿಲ್ಲ. ಹೆಣ್ಣುಮಕ್ಕಳ ಕೊಠಡಿಯಲ್ಲಿಯೂ ಕೂಲಿಯ ಕ್ರಮವನ್ನು ಬದಲಿಸಿದ್ದರು. ಇಬ್ಬರನ್ನು ತೆಗೆದು ಬೇರೆಯವರನ್ನು ಸೇರಿಸಿದ್ದರು. ಹೀಗಾಗಿ ಏರಿಕೆಗೆ ಕಾರಣ ಇದೇ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಹೊಗಳಿಕೆಯಿಂದಲೂ ಗಮನದಿಂದಲೂ ಸ್ವಲ್ಪ ಪ್ರಯೋಜನವಿರಬಹುದು. ಅವೇ ಸಾಕೆಂದು ನಂಬಲು ಆಧಾರ ಸಾಲದು.

ಹಣ ಏನು ಮಾಡುತ್ತದೆ?

ಗಮನ ಸಾಲದಿದ್ದರೆ ಹಣವನ್ನು ಕೊಟ್ಟು ನೋಡಬಹುದಲ್ಲವೆ? ಇದನ್ನೂ ನೋಡಿದ್ದಾರೆ. ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ ೧೯೭೧ರಲ್ಲಿ ಪ್ರಕಟಿಸಿದ ಪ್ರಯೋಗ ಬಲು ಸರಳವಾದುದು. ಏಳು ತುಂಡುಗಳನ್ನು ಜೋಡಿಸಿ ಬಗೆಬಗೆಯ ಆಕಾರಗಳನ್ನು ಮಾಡುವ ಒಂದು ಒಗಟನ್ನು ಅವರಿಗೆ ಕೊಟ್ಟರು. ಕೆಲವರಿಗೆ ನಡುವೆ ಒಂದು ದಿನ ಬಿಡಿಸಿದ ಒಗಟಿಗೊಂದು ಡಾಲರಿನಂತೆ ಹಣ ದೊರೆಯಿತು; ಉಳಿದವರಿಗೆ ಇಲ್ಲ. ಅನಂತರ ಹಣ ನಿಂತಿತು. ಪ್ರಯೋಗಕಾರರು ಹೊರಗೆ ಹೋದ ಬಿಡುವಿನ ವೇಳೆಯಲ್ಲಿ ಯಾರು ತಾವಾಗಿಯೇ ಒಗಟಿನಲ್ಲಿ ತೊಡಗುತ್ತಾರೆಂದು ಗುಟ್ಟಾಗಿ ನೋಡಿದಾಗ, ಹಣ ಪಡೆದಿದ್ದವರ ಆಸಕ್ತಿ ಮೊದಲಿದ್ದುದಕ್ಕಿಂತ ಕುಗ್ಗಿದುದು ಕಂಡುಬಂದಿತು. ಆಟವಾಗಿದ್ದುದು ಕೂಲಿಯಾಯಿತು, ಕೂಲಿ ನಿಂತಾಗ ಆಟವೂ ನಿಂತಿತು. ಇಂತಹ ೧೨೮ ಪ್ರಯೋಗಗಳನ್ನು ೧೯೯೯ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೊದಲೇ ಹೇಳಿ ಕೊಡುವ ಬಹುಮಾನವು ಒಳಗಿನ ಆಸಕ್ತಿಯನ್ನು ಕುಂದಿಸುವುದೆಂದೂ, ಚೆನ್ನಾಗಿ ಮಾಡಿದಿರೆಂಬ ಪ್ರಾಮಾಣಿಕವಾದ ಮಾತು ಅದನ್ನು ಬೆಳೆಸುವುದೆಂದೂ ತಿಳಿದುಬಂದಿತು.

ಒಗಟಿನ ಮಾತು ಹಾಗಿರಲಿ, ಶಾಲೆಯಲ್ಲಿ ಏನಾಯಿತು? ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ೨೦೦೬ರಿಂದ ೨೦೦೯ರವರೆಗೆ ಮೂರು ಶಾಲಾ ವರ್ಷ ಒಂದು ಪ್ರಯೋಗ ನಡೆಯಿತು. ಐದರಿಂದ ಎಂಟನೆಯ ತರಗತಿಗಳ ಗಣಿತದ ಉಪಾಧ್ಯಾಯರಲ್ಲಿ ಸುಮಾರು ೩೦೦ ಮಂದಿ ತಾವಾಗಿ ಮುಂದೆ ಬಂದರು. ಚೀಟಿ ಎತ್ತಿದಂತೆ ಅವರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ, ಮಕ್ಕಳ ಅಂಕಗಳು ಗೊತ್ತಾದ ಮಟ್ಟಕ್ಕೆ ಏರಿದರೆ ವರ್ಷಕ್ಕೆ ೧೫,೦೦೦ ಡಾಲರುಗಳವರೆಗೆ ಬಹುಮಾನವೆಂದು ಹೇಳಿದರು. ಸಣ್ಣ ಮೊತ್ತವಲ್ಲ. ಆದರೂ ಒಟ್ಟಿನಲ್ಲಿ ಎರಡು ಪಂಗಡಗಳ ಮಕ್ಕಳ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಹುಮಾನಕ್ಕೆ ಅರ್ಹರಾದವರನ್ನು ವಿಚಾರಿಸಿದಾಗ, ಹಣದ ಮಾತು ಬರುವ ಮೊದಲೇ ತಾವು ಶಕ್ತಿಮೀರಿ ದುಡಿಯುತ್ತಿದ್ದೆವು, ಇದರಿಂದ ತಮ್ಮ ಕೆಲಸದಲ್ಲಿ ಬದಲಾವಣೆಯೇನೂ ಆಗಲಿಲ್ಲವೆಂದು ಬಹುಮಂದಿ ಉತ್ತರಕೊಟ್ಟರು.

ಇದಕ್ಕೆ ಪ್ರತಿಯಾದ ಫಲವೂ ಇದೆ, ಅದನ್ನು ಮುಚ್ಚಿಡಬಾರದು. ಅಂದಿನ ಅವಿಭಕ್ತ ಆಂಧ್ರಪ್ರದೇಶದ ಗ್ರಾಮಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ೨೦೦೫ರಲ್ಲಿ ಮೊದಲಾದ ಪ್ರಯೋಗದಲ್ಲಿ, ವರ್ಷದ ಸಂಬಳದ ಸರಾಸರಿ ಶೇಕಡ ೩ರಷ್ಟು ಬಹುಮಾನದಿಂದಲೇ ಮಕ್ಕಳ ಕಲಿಕೆ ಎರಡು ವರ್ಷಗಳಲ್ಲಿ ಎದ್ದುಕಾಣುವಂತೆ ಸುಧಾರಿಸಿತು. ಅಲ್ಲಿ ಉಪಾಧ್ಯಾಯರ ಹಾಜರಿ ಹೆಚ್ಚಲಿಲ್ಲ. ಬಂದ ದಿನಗಳಲ್ಲಿ ಅವರು ಹೆಚ್ಚು ಅಭ್ಯಾಸ ಕೊಟ್ಟರು, ಶಾಲೆಯ ವೇಳೆಯ ಬಳಿಕವೂ ಪಾಠ ಮಾಡಿದರು.

ಈ ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆ? ಎರಡು ನಾಡುಗಳ ಶಾಲೆಗಳಿಗೆ ಅನೇಕ ವ್ಯತ್ಯಾಸಗಳಿರುವುದರಿಂದ ಖಂಡಿತವಾದ ಉತ್ತರ ಕೊಡಲಾಗದು. ಆದರೂ ಒಂದು ವಿವರಣೆ ಸಹಜವಾಗಿ ತೋರುತ್ತದೆ. ಮಾಡುವುದು ಹೇಗೆಂದು ಗೊತ್ತಿದ್ದು, ಮಾಡದೆ ಉಳಿದ ಕೆಲಸವಿದ್ದಾಗ ಹಣ ಅದನ್ನು ಮಾಡಿಸಬಲ್ಲದು. ಶಕ್ತಿಯನ್ನೆಲ್ಲ ಹಾಕಿಯೂ ಮಗುವಿಗೆ ಭಿನ್ನರಾಶಿ ಅರ್ಥವಾಗದೆ ಹೋದಾಗ, ಅದನ್ನು ಬೇರೆ ರೀತಿಯಲ್ಲಿ ಹೇಳಿಕೊಡುವ ಉಪಾಯವನ್ನು ಹಣ ಕಲಿಸಲಾರದು. ಹಾಗೆಂದು ಉಪಾಧ್ಯಾಯರ ಸಂಬಳದ ಮಾತು ಗೌಣವೆಂದು ಯಾರೂ ತಿಳಿಯಬಾರದು. ಮನೆಯ ಖರ್ಚಿನ ಚಿಂತೆ ಹೊತ್ತವರಿಂದ ಉತ್ಸಾಹವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಗೆಲುವಿನಿಂದ ನಂಬಿಕೆ

ಇಲ್ಲಿಂದ ನಾವು ವಿಷಯದ ನಡುಮನೆಗೆ ಬರುತ್ತೇವೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಹಾವಿಗೆ ವಿಪರೀತ ಹೆದರುವವರನ್ನು ಗುಣಪಡಿಸುವ ಬಗೆಯನ್ನು ಅಭ್ಯಸಿಸುತ್ತಿದ್ದರು. ನಿರಪಾಯವಾದ ಹಾವನ್ನು ಇತರರು ಮುಟ್ಟುವುದನ್ನು ಚಲನಚಿತ್ರದಲ್ಲಿ ತೋರಿಸಿದರೆ ಭಯ ಸ್ವಲ್ಪ ತಗ್ಗುತ್ತಿತ್ತು. ಆದರೆ ಜೊತೆಗಾರರೊಬ್ಬರು ಪಕ್ಕದಲ್ಲಿ ನಿಂತು, ಮೊದಲು ತಾವು ಮುಟ್ಟಿ, ಅನಂತರ ಹೆದರಿದವರ ಕೈಹಿಡಿದು ಹೆಜ್ಜೆಹೆಜ್ಜೆಯಾಗಿ ಅವರಿಂದಲೇ ಮುಟ್ಟಿಸಿದಾಗ ಭಯ ಬಹುಮಟ್ಟಿಗೆ ಮಾಯವಾಗುತ್ತಿತ್ತು. ಇಂತಹ ಅನುಭವಗಳ ಆಧಾರದ ಮೇಲೆ ಅವರು ೧೯೭೭ರಲ್ಲಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯೇ ಮನುಷ್ಯನನ್ನು ಕಷ್ಟದ ಕೆಲಸದಲ್ಲಿ ತೊಡಗಿಸುವುದು, ಸೋತಾಗಲೂ ಬಿಡದಂತೆ ಹಿಡಿಯುವುದು. ಈ ನಂಬಿಕೆಗೆ ನಾಲ್ಕು ಮೂಲಗಳು: ತಾನೇ ಮಾಡಿ ಗೆದ್ದ ಅನುಭವ, ತನ್ನಂತಹ ಇನ್ನೊಬ್ಬರು ಮಾಡಿದುದನ್ನು ಕಂಡ ಅನುಭವ, ಇತರರ ಪ್ರೋತ್ಸಾಹದ ಮಾತು, ದೇಹ ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಅತ್ಯಂತ ಬಲವಾದುದು ಮೊದಲನೆಯದು. ಬರಿಯ ಮಾತಿನ ಬಲ ಅದರ ಮುಂದೆ ಅಲ್ಪ.

ಶಾಲೆ ತೆರೆದ ದಿನದ ಭಾಷಣ ಏಕೆ ದಸರೆಯವರೆಗೂ ಬರುವುದಿಲ್ಲವೆಂಬುದು ಈಗ ಸ್ಪಷ್ಟವಾಗುತ್ತದೆ. ನಾವು ಸಾಮಾನ್ಯವಾಗಿ, ಮೊದಲು ಉತ್ಸಾಹ, ಅದರಿಂದ ಕೆಲಸ, ಕೆಲಸದಿಂದ ಗೆಲುವು ಎಂದು ಭಾವಿಸುತ್ತೇವೆ. ಸರಪಣಿಯ ಕೊನೆಯ ಕೊಂಡಿ ತಿರುಗಿ ಮೊದಲನೆಯದಕ್ಕೆ ಸೇರುತ್ತದೆಯೆಂಬುದನ್ನು ಮರೆಯುತ್ತೇವೆ. ಉತ್ಸಾಹವು ಗೆಲುವಿಗೆ ಕಾರಣವಾಗುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಗೆಲುವಿನ ಫಲವೂ ಆಗಿದೆ.

ಒಬ್ಬೊಬ್ಬ ಉಪಾಧ್ಯಾಯರಲ್ಲಿರುವ ಈ ನಂಬಿಕೆ ಇಡೀ ಶಾಲೆಯಲ್ಲಿಯೂ ಇರಬಲ್ಲದು. ಅಮೆರಿಕದ ದೊಡ್ಡ ನಗರವೊಂದರ ೪೭ ಪ್ರಾಥಮಿಕ ಶಾಲೆಗಳನ್ನು ಕುರಿತು ೨೦೦೦ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ‘ನಮ್ಮ ಶಾಲೆಯವರೆಲ್ಲ ಸೇರಿದರೆ ಈ ಮಕ್ಕಳಿಗೆ ಕಲಿಸಬಲ್ಲೆವು’ ಎಂದು ಉಪಾಧ್ಯಾಯರು ನಂಬಿದ್ದ ಶಾಲೆಗಳಲ್ಲಿ ಮಕ್ಕಳ ಗಣಿತವೂ ಓದೂ ಮೇಲಾಗಿದ್ದವು. ಮಕ್ಕಳ ಮನೆಯ ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ನಂಬಿಕೆಯಿಂದ ಅಂಕ ಬಂದಿತೋ ಅಂಕದಿಂದ ನಂಬಿಕೆ ಬಂದಿತೋ ಎಂದು ಕೇಳಬಹುದು. ಪ್ರಶ್ನೆ ಸರಿಯಾದುದೇ. ಇಂತಹ ಅಧ್ಯಯನದಿಂದ ಮಾತ್ರ ಅದನ್ನು ಬಿಡಿಸಲಾಗದು. ಎರಡೂ ಒಂದನ್ನೊಂದು ಬೆಳೆಸುತ್ತವೆಂಬುದೇ ಬಂಡೂರರ ಸಿದ್ಧಾಂತಕ್ಕೆ ಹೊಂದುವ ಉತ್ತರ.

ಪಕ್ಕದ ತರಗತಿಯ ನೆರವು

ಹಾಗಾದರೆ ಸೋಲುತ್ತಿರುವ ಉಪಾಧ್ಯಾಯರಿಗೆ ಗೆಲುವು ದೊರೆಯುವಂತೆ ಮಾಡುವುದು ಹೇಗೆ? ಹಾವಿನ ಪ್ರಯೋಗದ ಜೊತೆಗಾರರನ್ನು ನೆನೆಯೋಣ. ಅಮೆರಿಕದ ಟೆನೆಸೀ ರಾಜ್ಯದ ೧೪ ಶಾಲೆಗಳಲ್ಲಿ ನಡೆದು, ೨೦೨೦ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಬಹಳ ಹತ್ತಿರವಾದುದು. ಒಬ್ಬರಿಗೆ ಪ್ರಶ್ನೆ ಕೇಳುವ ಕಲೆ ಒಲಿದಿದೆ, ಇನ್ನೊಬ್ಬರಿಗೆ ಇಲ್ಲ. ಒಬ್ಬರು ತರಗತಿಯನ್ನು ಸಲೀಸಾಗಿ ನಡೆಸುತ್ತಾರೆ, ಇನ್ನೊಬ್ಬರಿಗೆ ಅದೇ ಕಷ್ಟ. ಹೀಗೆ ಒಬ್ಬರ ಬಲಕ್ಕೆ ಇನ್ನೊಬ್ಬರ ಕೊರತೆಯನ್ನು ಹೊಂದಿಸಿ, ಒಂದೇ ಶಾಲೆಯ ಉಪಾಧ್ಯಾಯರನ್ನು ಜೋಡಿ ಮಾಡಿದರು. ಪರಸ್ಪರ ಪಾಠ ನೋಡಿ, ಮಾತನಾಡಿ, ಸುಧಾರಿಸಿಕೊಳ್ಳಿರೆಂದು ಹೇಳಿದರು. ಜೋಡಿ ಮಾಡಿದ ಶಾಲೆಗಳಲ್ಲಿ ಮಕ್ಕಳ ಕಲಿಕೆ ಇತರ ಶಾಲೆಗಳಿಗಿಂತ ಮೇಲಾಯಿತು. ಹಿಂದುಳಿದಿದ್ದ ಉಪಾಧ್ಯಾಯರ ತರಗತಿಗಳಲ್ಲಿ ಹೆಚ್ಚಳ ಇನ್ನೂ ಸ್ಪಷ್ಟವಾಗಿತ್ತು. ಮರುವರ್ಷವೂ ಅದು ಅಳಿಯಲಿಲ್ಲ. ನ್ಯಾಶ್‌ವಿಲ್ಲಿನಲ್ಲಿ ಹಣ ಮಾಡಲಾರದುದನ್ನು, ಅದೇ ರಾಜ್ಯದಲ್ಲಿ ಪಕ್ಕದ ತರಗತಿಯ ಗೆಳೆಯರು ಮಾಡಿದರು.

ಜಪಾನಿನಲ್ಲಿ ಇದು ಹಳೆಯ ಸಂಪ್ರದಾಯ. ಕೆಲವು ಉಪಾಧ್ಯಾಯರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ತರಗತಿಯಲ್ಲಿ ಮಾಡುತ್ತಾರೆ. ಉಳಿದವರು ಹಿಂದೆ ನಿಂತು, ಉಪಾಧ್ಯಾಯರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಯಾವ ಮಗು ಎಲ್ಲಿ ತಡವರಿಸಿತು? ಏಕೆ? ಪಾಠ ಮುಗಿದ ಮೇಲೆ ಚರ್ಚೆ. ಸೋತರೆ ಅದು ಒಬ್ಬರ ಸೋಲಲ್ಲ, ಎಲ್ಲರೂ ಕೂಡಿ ಮಾಡಿದ ಯೋಜನೆಯ ಸೋಲು. ನಮ್ಮ ರಾಜ್ಯದಲ್ಲಿಯೂ ಹತ್ತಿರದ ಶಾಲೆಗಳ ಉಪಾಧ್ಯಾಯರು ಸೇರಿ ವಿಚಾರಿಸಲೆಂದು ಸಮೂಹ ಸಂಪನ್ಮೂಲ ಕೇಂದ್ರಗಳಿವೆ. ಸುತ್ತೋಲೆಗಳನ್ನು ಓದಿ ಮುಗಿಸುವುದಕ್ಕಷ್ಟೇ ಅಲ್ಲದೆ ಇಂತಹ ಕೆಲಸಕ್ಕೂ ಅಲ್ಲಿಯ ಸಭೆಗಳು ಒದಗಿದರೆ ಎಷ್ಟೋ ಲಾಭವುಂಟು.

ಅಮೆರಿಕದ ಉತ್ತರ ಕೆರೊಲಿನಾದ ಒಂದು ಶಾಲಾಜಿಲ್ಲೆಯ ಅಂಕಿಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ಇಬ್ಬರು ಸಂಶೋಧಕರು ಕಂಡುಕೊಂಡುದು ಇದಕ್ಕೆ ಒತ್ತಾಸೆಯಾಗಿದೆ. ಪರಸ್ಪರ ಸಹಕಾರ, ಶಿಸ್ತು, ಮುಖ್ಯೋಪಾಧ್ಯಾಯರ ಬೆಂಬಲ ಇವು ಚೆನ್ನಾಗಿದ್ದ ಶಾಲೆಗಳ ಉಪಾಧ್ಯಾಯರು, ಇವು ಕೊರತೆಯಾಗಿದ್ದ ಶಾಲೆಗಳವರಿಗಿಂತ ಹತ್ತು ವರ್ಷಗಳಲ್ಲಿ ಶೇಕಡ ೩೮ರಷ್ಟು ಹೆಚ್ಚು ಸುಧಾರಿಸಿದ್ದರು. ಒಳ್ಳೆಯ ಉಪಾಧ್ಯಾಯರು ಹುಟ್ಟಿನಿಂದಲೇ ಹಾಗಿರುತ್ತಾರೆಂಬ ಮಾತು ಅಪೂರ್ಣ. ಶಾಲೆಯೂ ಅವರನ್ನು ಬೆಳೆಸುತ್ತದೆ, ಇಲ್ಲವೆ ಬಾಡಿಸುತ್ತದೆ.

ಗುರಿ ಹೇಗಿರಬೇಕು?

ಗೆಲುವೆಂಬುದು ತಿಳಿಯಬೇಕಾದರೆ ಗುರಿ ಕಣ್ಣಿಗೆ ಕಾಣುವಂತಿರಬೇಕು. ‘ಚೆನ್ನಾಗಿ ದುಡಿಯಿರಿ’ ಎಂಬುದು ಗುರಿಯಲ್ಲ. ಅದನ್ನು ಮುಟ್ಟಿದೆವೋ ಇಲ್ಲವೋ ಹೇಳುವವರು ಯಾರು? ಈ ವಿಷಯದಲ್ಲಿ ಒಂದು ಸೊಗಸಾದ ಪ್ರಯೋಗ ಮರ ಸಾಗಿಸುವ ಲಾರಿಗಳ ಚಾಲಕರ ಮೇಲೆ ನಡೆಯಿತು. ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ನಡೆದ ಇದರ ವರದಿ ೧೯೭೫ರಲ್ಲಿ ಪ್ರಕಟವಾಯಿತು. ಕಾನೂನು ಒಪ್ಪುವ ಭಾರದ ಸುಮಾರು ಶೇಕಡ ೬೦ರಷ್ಟನ್ನು ಮಾತ್ರ ಅವರು ಹೇರುತ್ತಿದ್ದರು. ಕೈಲಾದಷ್ಟು ಹೇರಿ ಎಂದು ಹೇಳಿದ್ದರಿಂದ ಪ್ರಯೋಜನವಾಗಿರಲಿಲ್ಲ. ಶೇಕಡ ೯೪ ಎಂದು ಗುರಿಯನ್ನು ಖಚಿತವಾಗಿ ಗೊತ್ತುಮಾಡಿ, ಮುಟ್ಟದಿದ್ದರೆ ಶಿಕ್ಷೆಯಿಲ್ಲವೆಂದೂ ತಿಳಿಸಿದರು. ಹೆಚ್ಚಿನ ಹಣವನ್ನೇನೂ ಕೊಡಲಿಲ್ಲ. ಮೊದಲ ತಿಂಗಳು ಭಾರ ಏರಿತು, ಎರಡನೆಯ ತಿಂಗಳು ಸ್ವಲ್ಪ ಇಳಿಯಿತು. ಶಿಕ್ಷೆಯಿಲ್ಲವೆಂಬ ಮಾತು ನಿಜವೋ ಎಂದು ಚಾಲಕರು ಪರೀಕ್ಷಿಸುತ್ತಿದ್ದರು. ಮಾತು ಉಳಿಯಿತೆಂದು ಕಂಡ ಮೇಲೆ ಭಾರ ಶೇಕಡ ೯೦ನ್ನು ದಾಟಿ, ಅಲ್ಲಿಯೇ ನಿಂತಿತು.

ಮಗುವಿನ ಮನಸ್ಸು ಮರದ ದಿಮ್ಮಿಯಲ್ಲ. ಲಾರಿಯ ಲೆಕ್ಕವನ್ನು ಶಾಲೆಗೆ ಹಾಗೆಯೇ ತರಲಾಗದು. ಆದರೂ ಇದರಲ್ಲಿ ಎರಡು ಪಾಠಗಳುಂಟು: ಗುರಿ ಖಚಿತವಾಗಿರಬೇಕು, ಸೋತವರನ್ನು ದಂಡಿಸುವುದಿಲ್ಲವೆಂಬ ಮಾತನ್ನು ಉಳಿಸಿಕೊಳ್ಳಬೇಕು. ‘ಈ ವರ್ಷ ಫಲಿತಾಂಶ ಹೆಚ್ಚಬೇಕು’ ಎನ್ನುವುದಕ್ಕಿಂತ, ‘ಜುಲೈ ತಿಂಗಳು ಮುಗಿಯುವುದರೊಳಗೆ ಆರನೆಯ ತರಗತಿಯ ಪ್ರತಿಯೊಂದು ಮಗುವೂ ಒಂದು ಪುಟವನ್ನು ತಡವರಿಸದೆ ಓದಬೇಕು’ ಎನ್ನುವುದು ಮೇಲು. ತಿಂಗಳ ಕೊನೆಯಲ್ಲಿ ಗೆಲುವು ಕಣ್ಣಿಗೆ ಬೀಳುತ್ತದೆ. ಇಂತಹ ಸಣ್ಣ ಮುನ್ನಡೆಗಳ ಬೆಲೆ ಸಣ್ಣದಲ್ಲ. ಏಳು ಸಂಸ್ಥೆಗಳ ೨೩೮ ಮಂದಿ ಬರೆದಿಟ್ಟ ಸುಮಾರು ೧೨,೦೦೦ ದಿನಚರಿಗಳನ್ನು ಓದಿದ ಸಂಶೋಧಕರು ೨೦೧೧ರಲ್ಲಿ ತಿಳಿಸಿದಂತೆ, ದಿನದ ಕೆಲಸದಲ್ಲಿ ಉಲ್ಲಾಸ ತಂದ ಘಟನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಅರ್ಥವುಳ್ಳ ಕೆಲಸದಲ್ಲಿ ಇಂದು ಒಂದು ಹೆಜ್ಜೆ ಮುಂದಿಟ್ಟೆನೆಂಬ ತೃಪ್ತಿ.

ನಮ್ಮ ಪಾಲು

ಇಷ್ಟನ್ನೆಲ್ಲ ಒಟ್ಟುಗೂಡಿಸಿದರೆ ಶಾಲೆಯ ಹೊಸ ವರ್ಷಕ್ಕೆ ಒಂದು ಸರಳವಾದ ಕ್ರಮ ದೊರೆಯುತ್ತದೆ. ಆರಂಭದ ಹುರುಪು ಇಳಿಯುವುದಕ್ಕೆ ಮೊದಲೇ, ಮುಟ್ಟಬಹುದಾದ ಒಂದು ಖಚಿತ ಗುರಿಯನ್ನು ಉಪಾಧ್ಯಾಯರೇ ಕೂಡಿ ಗೊತ್ತುಮಾಡಿಕೊಳ್ಳಬೇಕು. ಯಾರೂ ಒಂಟಿಯಾಗಿ ಸೋಲದಂತೆ ಜೋಡಿಯಾಗಬೇಕು. ಪಾಠಕ್ಕೆ ಸಂಬಂಧವಿಲ್ಲದ ಕಾಗದಪತ್ರಗಳ ಹೊರೆಯನ್ನು ಆದಷ್ಟು ಇಳಿಸಬೇಕು. ದಣಿದ ದೇಹವೂ ‘ನನ್ನಿಂದಾಗದು’ ಎಂದೇ ಹೇಳುತ್ತದೆಯೆಂಬುದನ್ನು ಬಂಡೂರರ ನಾಲ್ಕನೆಯ ಮೂಲ ನೆನಪಿಗೆ ತರುತ್ತದೆ. ಒಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಜೋಡಿಯೆಲ್ಲಿ ಎಂದು ಕೇಳಿದರೆ, ಅಂತಹವರಿಗೆ ನೆರೆಯ ಶಾಲೆಯೇ ಜೋಡಿ. ಆದರೆ ಖಾಲಿಯಿರುವ ಜಾಗಗಳನ್ನು ತುಂಬದೆ ಉತ್ಸಾಹದ ಮಾತನಾಡುವುದು ಎಣ್ಣೆ ಹಾಕದೆ ದೀಪವನ್ನು ಬಯ್ದಂತೆ.

ಕೊನೆಯದಾಗಿ, ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗೆ ಒಂದು ಮಾತು. ಉಪಾಧ್ಯಾಯರ ಗೆಲುವೆಂದರೆ ಯಾವುದು? ವಿದ್ಯಾರ್ಥಿಗೆ ವಿಷಯ ಅರ್ಥವಾದುದೇ ಗೆಲುವು. ಆದರೆ ಅರ್ಥವಾದುದು ಉಪಾಧ್ಯಾಯರಿಗೆ ತಿಳಿಯುವುದು ಹೇಗೆ? ನಲವತ್ತು ಮೌನ ಮುಖಗಳ ಮುಂದೆ ನಿಂತವರಿಗೆ ತಾವು ಗೆದ್ದೆವೋ ಸೋತೆವೋ ಗೊತ್ತಾಗುವುದಿಲ್ಲ. ಪರೀಕ್ಷೆಯ ವೇಳೆಗೆ ಗೊತ್ತಾದರೆ ತಡವಾಯಿತು. ‘ಇಲ್ಲಿಯವರೆಗೆ ತಿಳಿಯಿತು, ಈ ಹೆಜ್ಜೆ ತಿಳಿಯಲಿಲ್ಲ’ ಎಂದು ಎದ್ದುನಿಂತು ಹೇಳುವ ವಿದ್ಯಾರ್ಥಿ ತನಗೆ ಮಾತ್ರ ಉಪಕಾರ ಮಾಡಿಕೊಳ್ಳುವುದಿಲ್ಲ. ಮರುದಿನ ‘ಈಗ ತಿಳಿಯಿತು’ ಎಂದು ಅವನು ಹೇಳಿದಾಗ, ಶಾಲೆ ತೆರೆದ ದಿನದ ಯಾವ ಭಾಷಣವೂ ಕೊಡಲಾರದುದನ್ನು ತನ್ನ ಗುರುಗಳಿಗೆ ಕೊಟ್ಟಿರುತ್ತಾನೆ.